ಮೂರು ಕಾಲಿನ ಬೆಕ್ಕು: ನಿಮಗಿದು ಗೊತ್ತೇ?

★ ಬೆಕ್ಕಿನ ಮುಂಗಾಲು ಅದರ ಎದೆಗೂಡಿಗೆ ಯಾವ ಕೀಲಿನಿಂದಲೂ ಜೋಡಣೆಯಾಗಿಲ್ಲ. ನಮ್ಮ ತೋಳನ್ನು ಎದೆಗೆ ಬಿಗಿದಿಡುವ ಕಾಲರ್ ಬೋನ್ ಬೆಕ್ಕಿಗೂ ಇದೆ, ಆದರೆ ಚಿಕ್ಕ ಚೂರಾಗಿ ಸ್ನಾಯುಗಳ ನಡುವೆ ಹುದುಗಿಕೊಂಡಿದೆ. ಕಾಲನ್ನು ಹಿಡಿದಿಟ್ಟಿರುವುದು ಬರೀ ಸ್ನಾಯುಗಳೇ. ಹಾಗಾಗಿ ಮುಂಗಾಲು ತೆಗೆಯಬೇಕಾದಾಗ ವೈದ್ಯರು ಬಹಳ ಸಲ ಹೆಗಲಿನ ಅಗಲ ಮೂಳೆಯನ್ನೂ ಸೇರಿಸಿ ತೆಗೆಯುತ್ತಾರೆ. ಮೂಳೆಗೆ ಗರಗಸ ಮುಟ್ಟಿಸಬೇಕಾದ ಪ್ರಮೇಯವೇ ಬರುವುದಿಲ್ಲ. ಹಿಂಗಾಲಾದರೆ ತೊಡೆಮೂಳೆಯಲ್ಲಿ ಕತ್ತರಿಸುತ್ತಾರೆ, ಇಲ್ಲವೇ ಸೊಂಟದ ಕೀಲಿನಲ್ಲಿ ಬಿಡಿಸುತ್ತಾರೆ.

★ "ಜಜ್ಜಿದ್ದು ಪಾದ ಮಾತ್ರ, ಇಡೀ ಕಾಲನ್ನೇ ಯಾಕೆ ತೆಗೆದರು?" ಆಪರೇಷನ್ ಆದ ಮೇಲೆ ಮನೆಯವರು ಕಣ್ಣು ತುಂಬಿಕೊಂಡು ಕೇಳುವ ಪ್ರಶ್ನೆ ಇದು. ಮೋಟುಕಾಲು ಉಳಿಸಿದರೆ ಬೆಕ್ಕು ಅದನ್ನೂ ನೆಲಕ್ಕೆ ಊರಲು ಹೋಗುತ್ತದೆ. ಪಾದದಡಿಯ ಮೆತ್ತೆಯಿಲ್ಲದ ಆ ಚರ್ಮ ಉಜ್ಜಿ ಉಜ್ಜಿ ಹುಣ್ಣಾಗುತ್ತದೆ, ಒಳಗಿನಿಂದ ಮೂಳೆಯ ತುದಿ ಒತ್ತುತ್ತದೆ, ಕಡೆಗೆ ಎರಡನೆಯ ಆಪರೇಷನ್ ಬೇಕಾಗಬಹುದು. ಮೇಲಿನಿಂದಲೇ ತೆಗೆಸಿದ್ದಕ್ಕೆ ಮನೆಯವರು ಕೊರಗಬೇಕಾಗಿಲ್ಲ.

★ ನಾಲ್ಕು ಕಿಲೋ ತೂಗುವ ಬೆಕ್ಕಿನ ಮೈಯಲ್ಲಿರುವ ಒಟ್ಟು ರಕ್ತ ಕಾಲು ಲೀಟರಿನ ಆಸುಪಾಸು. ಆಪರೇಷನ್ನಿನಲ್ಲಿ ರಕ್ತ ಕೊಡಬೇಕಾಗಿ ಬಂದರೆ ಗುಂಪು ನೋಡಲೇಬೇಕು, ಬೆಕ್ಕುಗಳಿಗೂ ರಕ್ತದ ಗುಂಪುಗಳಿವೆ: ಎ, ಬಿ, ಎಬಿ. ಬಿ ಗುಂಪಿನ ಬೆಕ್ಕಿಗೆ ಎ ಗುಂಪಿನ ರಕ್ತ ಹೋದರೆ ಮೊದಲ ಸಲವೇ ಜೀವಕ್ಕೆ ಅಪಾಯ.

★ ಕಾಲು ಕಳೆದುಕೊಳ್ಳಲು ಕಾರಣಗಳು ಹಲವು. ವಾಹನ ಡಿಕ್ಕಿ ಹೊಡೆದು ಹೆಗಲ ನರಗಳು ಬುಡದಿಂದ ಕಿತ್ತುಬಂದರೆ ಮೂಳೆ ಮುರಿಯದಿದ್ದರೂ ಮುಂಗಾಲು ಸತ್ವ ಕಳೆದುಕೊಂಡು ಜೋತುಬೀಳುತ್ತದೆ. ಚಳಿಯ ರಾತ್ರಿ ಎಂಜಿನ್ನಿನ ಬಿಸುಪಿಗೆ ಕಾರಿನ ಬಾನೆಟ್ ಒಳಗೆ ಸೇರಿಕೊಂಡ ಬೆಕ್ಕು, ಬೆಳಿಗ್ಗೆ ಗಾಡಿ ಚಾಲೂ ಮಾಡಿದೊಡನೆ ಬೆಲ್ಟಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಡುವ ಮುನ್ನ ಬಾನೆಟ್ ಮೇಲೆ ಎರಡು ಸಲ ಜೋರಾಗಿ ತಟ್ಟಿ. ಇಷ್ಟು ಸುಲಭವಾಗಿ ತಪ್ಪಿಸಬಹುದಾದ ಸಂಕಟ ಇನ್ನೊಂದಿಲ್ಲ.

★ ಕೆಲವು ದೇಶಗಳಲ್ಲಿ ಬೆಕ್ಕಿಗೆ ರೇಬೀಸ್ ಲಸಿಕೆಯನ್ನು ಬಲ ಹಿಂಗಾಲಿನ ಕೆಳಭಾಗದಲ್ಲಿ ಚುಚ್ಚುವ ಪದ್ಧತಿಯಿದೆ. ಚುಚ್ಚಿದ ಜಾಗದಲ್ಲಿ ಅಪರೂಪಕ್ಕೆ ಗಡ್ಡೆ ಬೆಳೆದು ಕ್ಯಾನ್ಸರ್ ಆಗಬಹುದೆಂದು 1991ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರೋಗಪರೀಕ್ಷಕರು ಗುರುತಿಸಿದರು. ಎರಡು ಭುಜಗಳ ನಡುವೆ ಅಂಥ ಗಡ್ಡೆ ಬಂದರೆ ಪೂರ್ತಿ ತೆಗೆಯುವುದು ಕಷ್ಟ. ಕಾಲಿನಲ್ಲಿ ಬಂದರೆ ಕಾಲು ತೆಗೆದು ಪ್ರಾಣ ಉಳಿಸಬಹುದು. ಇದನ್ನು ಓದಿ ಯಾರೂ ಲಸಿಕೆ ತಪ್ಪಿಸಬೇಡಿ. ಆ ಗಡ್ಡೆ ಬಲು ವಿರಳ, ರೇಬೀಸ್ ಮಾತ್ರ ನಮ್ಮ ಬೀದಿಬೀದಿಯಲ್ಲಿದೆ.

★ ಆಪರೇಷನ್ ಆದ ಬೆಕ್ಕುಗಳಲ್ಲಿ ಬಹಳಷ್ಟು ಒಂದೆರಡು ದಿನದೊಳಗೆ ತಾವಾಗಿಯೇ ಎದ್ದು ನಿಲ್ಲುತ್ತವೆ. ಮೊದಲು ವಾಲುತ್ತವೆ, ಬೀಳುತ್ತವೆ, ಮತ್ತೆ ಏಳುತ್ತವೆ. ನಿಂತಿರುವ ಬೆಕ್ಕಿನ ಭಾರದಲ್ಲಿ ಸುಮಾರು ಶೇ. 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ಆದ್ದರಿಂದ ಮುಂಗಾಲು ಹೋದಾಗ ಸಮತೋಲ ಕಲಿಯುವುದು ಕೊಂಚ ಹೆಚ್ಚು ಪ್ರಯಾಸ. ಬಿದ್ದಾಗಲೆಲ್ಲ ಓಡಿಹೋಗಿ ಎತ್ತಿಕೊಳ್ಳಬೇಡಿ. ನಿಮ್ಮ ಕರುಳು ಚುರುಕ್ಕೆನ್ನುವುದು ಸಹಜ, ಆದರೆ ಬೀಳುವುದೂ ಅದರ ಕಲಿಕೆಯೇ. ಬೀಳುವ ಜಾಗ ಮೆತ್ತಗಿರಲಿ, ಅಷ್ಟೆ.

★ ಮೊದಲ ರಾತ್ರಿ ಬೆಕ್ಕಿನ ಕಣ್ಣುಪಾಪೆಗಳು ದೊಡ್ಡದಾಗಿ ಅರಳಿಕೊಂಡಿದ್ದರೆ ಗಾಬರಿಯಾಗಬೇಡಿ. ಅಫೀಮು ಜಾತಿಯ ನೋವುಮದ್ದುಗಳು ಮನುಷ್ಯರ ಪಾಪೆಯನ್ನು ಚುಕ್ಕಿಯಷ್ಟು ಕಿರಿದು ಮಾಡುತ್ತವೆ, ಬೆಕ್ಕಿನದನ್ನು ಹಿಗ್ಗಿಸುತ್ತವೆ. ಆಗ ಬೆಳಕು ಅದಕ್ಕೆ ಕುಕ್ಕುತ್ತದೆ. ಕೋಣೆಯ ದೀಪ ಮಂದವಾಗಿರಲಿ.

★ ಬೆಕ್ಕಿಗೆ ನೋವಾಗುತ್ತಿದೆಯೇ ಎಂದು ಮುಖ ನೋಡಿ ಅಂಕ ಹಾಕುವ ವಿಧಾನವೊಂದಿದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಪ್ರಕಟಿಸಿದ್ದು. ನೋಡಬೇಕಾದದ್ದು ಐದು: ಕಿವಿ ಪಕ್ಕಕ್ಕೆ ತಿರುಗಿ ಚಪ್ಪಟೆಯಾಗಿದೆಯೇ, ಕಣ್ಣು ಅರ್ಧ ಮುಚ್ಚಿದೆಯೇ, ಮೂತಿ ಬಿಗಿದುಕೊಂಡಿದೆಯೇ, ಮೀಸೆ ನೆಟ್ಟಗೆ ಮುಂದಕ್ಕೆ ಚಾಚಿದೆಯೇ, ತಲೆ ಭುಜಕ್ಕಿಂತ ಕೆಳಗೆ ಬಾಗಿದೆಯೇ. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಹತ್ತಕ್ಕೆ ನಾಲ್ಕು ಅಥವಾ ಹೆಚ್ಚು ಬಂತೆಂದರೆ ನೋವಿಗೆ ಮದ್ದು ಬೇಕೆಂದೇ ಲೆಕ್ಕ. ಮನೆಯಲ್ಲಿ ಕೂತು ಯಾರು ಬೇಕಾದರೂ ನೋಡಬಹುದು. ಈ ಐದನ್ನು ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿಕೊಂಡರೆ ಒಳ್ಳೆಯದು, ಯಾಕೆಂದರೆ ನೋವನ್ನು ಮುಚ್ಚಿಡುವುದರಲ್ಲಿ ಬೆಕ್ಕನ್ನು ಮೀರಿಸಿದ ಸಾಕುಪ್ರಾಣಿ ಇಲ್ಲ. ಅದು ಕೂಗುವುದಿಲ್ಲ, ಮಂಚದ ಕೆಳಗೆ ಹೋಗಿ ಕೂರುತ್ತದೆ.

ಗುರ್ ಗುರ್ ಸದ್ದು ಕೇಳಿ ಸಮಾಧಾನಪಡಬೇಡಿ. ನೋವಿನಲ್ಲಿರುವ ಬೆಕ್ಕೂ ಗುರುಗುಟ್ಟುತ್ತದೆ, ಸಾಯುತ್ತಿರುವ ಬೆಕ್ಕೂ ಗುರುಗುಟ್ಟುತ್ತದೆ.

★ ಮನೆಯ ಔಷಧಿ ಡಬ್ಬಿಯಲ್ಲಿರುವ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಡೋಲೋ, ಕ್ರೋಸಿನ್, ಮಕ್ಕಳ ಜ್ವರದ ಸಿರಪ್ಪು ಎಲ್ಲವೂ ಅದೇ. ಆ ಮದ್ದನ್ನು ಅಪಾಯವಿಲ್ಲದಂತೆ ಕರಗಿಸಿ ಹೊರಹಾಕುವ ಕಿಣ್ವ ನಮ್ಮ ಯಕೃತ್ತಿನಲ್ಲಿ ಧಾರಾಳವಾಗಿದೆ. ಬೆಕ್ಕಿನ ಕುಲದಲ್ಲಿ ಅದನ್ನು ತಯಾರಿಸುವ ಜೀನು ಕೆಟ್ಟು ನಿಂತಿದೆ. ಪರಿಣಾಮವಾಗಿ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ತಪ್ಪಿ ಕೊಟ್ಟಿದ್ದರೆ ಕಾಯಬೇಡಿ, ತಕ್ಷಣ ವೈದ್ಯರಲ್ಲಿಗೆ ಒಯ್ಯಿರಿ. ಇದಕ್ಕೆ ಪ್ರತಿಮದ್ದಿದೆ, ಅಸಿಟೈಲ್‌ಸಿಸ್ಟೀನ್ ಎಂದು ಹೆಸರು, ಆದರೆ ಬೇಗ ಸಿಗಬೇಕು. ಐಬುಪ್ರೊಫೇನ್, ಡೈಕ್ಲೋಫೆನಾಕ್ ಕೂಡ ಅಷ್ಟೇ ಅಪಾಯ. ಪಶುವೈದ್ಯರು ಬರೆದುಕೊಟ್ಟದ್ದನ್ನು ಬಿಟ್ಟು ಒಂದು ಚೂರೂ ಬೇಡ.

★ ಡೆಟ್ಟಾಲ್ ಹಾಕಿ ಗಾಯ ತೊಳೆಯುವವರಿದ್ದಾರೆ. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕವೂ ಬೆಕ್ಕಿಗೆ ವಿಷ. ಚರ್ಮದಿಂದಲೂ ಹೋಗುತ್ತದೆ, ನೆಕ್ಕಿದರೆ ಬಾಯಿಂದಲೂ ಹೋಗುತ್ತದೆ. ಅರಿಸಿನ, ಕೊಬ್ಬರಿ ಎಣ್ಣೆಯೂ ಹೊಲಿಗೆಯ ಮೇಲೆ ಬೇಡ. ಗಾಯವನ್ನು ಒಣಗಿರಲು ಬಿಡಿ.

★ ಬಾಯಿಯ ಒಳಚರ್ಮದ ಮೂಲಕವೇ ರಕ್ತಕ್ಕಿಳಿಯುವ ನೋವುಮದ್ದೊಂದು ಬೆಕ್ಕುಗಳ ಭಾಗ್ಯ. ಬ್ಯುಪ್ರೆನಾರ್ಫಿನ್ ಎಂಬ ಈ ಮದ್ದಿನ ಹನಿಗಳನ್ನು ಕೆನ್ನೆಯೊಳಗೆ ಬಿಟ್ಟರೆ ಸಾಕು, ನುಂಗಿಸಬೇಕಾಗಿಲ್ಲ. ಬೆಕ್ಕಿನ ಜೊಲ್ಲು ನಮ್ಮದಕ್ಕಿಂತ ಕ್ಷಾರೀಯವಾಗಿರುವುದು ಇದಕ್ಕೆ ನೆರವಾಗುತ್ತದೆ.

★ ಇಲ್ಲದ ಕಾಲು ನೋಯುತ್ತದೆಯೇ? ಮನುಷ್ಯರಲ್ಲಿ ಇದು ಚೆನ್ನಾಗಿ ದಾಖಲಾಗಿದೆ. 16ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರಾಸ್ ಪಾರೆ ಅದನ್ನು ಆಗಲೇ ವರ್ಣಿಸಿದ್ದ. ಬೆಕ್ಕು ಬಾಯಿಬಿಟ್ಟು ಹೇಳಲಾರದು. ಆದರೆ ಗಾಯ ಮಾಯ್ದ ಮೇಲೂ ಕೆಲವು ಬೆಕ್ಕುಗಳು ಇದ್ದಕ್ಕಿದ್ದಂತೆ ಬೆಚ್ಚಿ ಹಿಂದಕ್ಕೆ ತಿರುಗಿ ಕಾಲಿದ್ದ ಜಾಗವನ್ನು ಕಚ್ಚಲು ಹೋಗುವುದುಂಟು. ಇದಕ್ಕಾಗಿಯೇ ಒಳ್ಳೆಯ ವೈದ್ಯರು ನರವನ್ನು ಕತ್ತರಿಸುವ ಮೊದಲು ಅದರ ಸುತ್ತ ಮರಗಟ್ಟಿಸುವ ಮದ್ದು ಹಾಕುತ್ತಾರೆ. ನರದ ನೋವಿಗೆಂದೇ ಗ್ಯಾಬಪೆಂಟಿನ್‌ನಂಥ ಮಾತ್ರೆಗಳೂ ಇವೆ. ಬೆಚ್ಚುವುದನ್ನು ಕಂಡರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ತೋರಿಸಿ. ಕ್ಲಿನಿಕ್ಕಿನ ಮೇಜಿನ ಮೇಲೆ ಬೆಕ್ಕು ಅದನ್ನು ಮಾಡಿ ತೋರಿಸುವುದಿಲ್ಲ.

★ ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಅದು ಕೆಲಸ ನಿಲ್ಲಿಸಬಹುದು. ದಪ್ಪ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. ನಾಯಿಯಂತೆ ಇದು ಉಪವಾಸ ತಡೆಯುವ ಪ್ರಾಣಿಯಲ್ಲ. ಬೆಕ್ಕು ಊಟವನ್ನು ಒಪ್ಪುವುದು ವಾಸನೆಯಿಂದ, ಹಾಗಾಗಿ ಆಹಾರವನ್ನು ಅದರ ಮೈಶಾಖದಷ್ಟು, ಅಂದರೆ 38 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಬೆಚ್ಚಗೆ ಮಾಡಿ ಮೂತಿಯ ಮುಂದಿಡಿ. ಒಂದು ದಿನ ಪೂರ್ತಿ ಬಾಯಿಗೇನೂ ಹಾಕದಿದ್ದರೆ ಫೋನ್ ಮಾಡಿ ತಿಳಿಸಿ.

ಪ್ರೀತಿಯಿಂದ ಕೋಳಿಸಾರು ಹಾಕುವವರು ಗಮನಿಸಿ: ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ದರೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ರಕ್ತ ಕಳೆದುಕೊಂಡ ಬೆಕ್ಕಿಗೆ ಅದು ಇನ್ನೂ ಕೆಡುಕು. ಉಪ್ಪು ಮಸಾಲೆ ಏನೂ ಹಾಕದೆ ಬೇಯಿಸಿದ ಕೋಳಿಮಾಂಸ ಕೊಡಿ, ಬೇಯಿಸಿದ ನೀರನ್ನೂ ಕೊಡಿ. ಬೆಕ್ಕಿನ ಹೃದಯಕ್ಕೂ ಕಣ್ಣಿಗೂ ಬೇಕೇಬೇಕಾದ ಟಾರಿನ್ ಆ ನೀರಿಗೆ ಇಳಿದಿರುತ್ತದೆ. ಮೊಸರನ್ನದಲ್ಲಿ ಟಾರಿನ್ ಇಲ್ಲವೆಂದೇ ಹೇಳಬೇಕು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಹೊಲಿಗೆ ಹಾಕಿದ ಹಿಂಬದಿಯ ಹತ್ತಿರ ಅದು ಅಂಟಿದರೆ ಸೋಂಕಿನ ಅಪಾಯ ಹೆಚ್ಚು.

★ ಕಕ್ಕಸು ಎರಡು ಮೂರು ದಿನ ಆಗದಿರುವುದು ಮದ್ದಿನ ಪ್ರಭಾವ, ಸಾಮಾನ್ಯ. ಮೂತ್ರ ಹಾಗಲ್ಲ. ಗಂಡುಬೆಕ್ಕು ಒಂದು ದಿನ ಮೂತ್ರ ಮಾಡದಿದ್ದರೆ ಅದು ತುರ್ತು.

★ ಬೆಕ್ಕಿನ ನಾಲಿಗೆಯ ಮುಳ್ಳುಗಳು ನಮ್ಮ ಉಗುರು ಯಾವುದರಿಂದ ಆಗಿದೆಯೋ ಆ ಕೆರಾಟಿನ್‌ನಿಂದಲೇ ಆಗಿವೆ. ಅದರಿಂದ ನೆಕ್ಕಿದರೆ ಹೊಲಿಗೆ ಬಿಚ್ಚುವುದು ಕ್ಷಣದ ಕೆಲಸ. ಹತ್ತರಿಂದ ಹದಿನಾಲ್ಕು ದಿನ, ಹೊಲಿಗೆ ತೆಗೆಯುವವರೆಗೆ, ನೆಕ್ಕದಂತೆ ತಡೆಯುವ ಕೋನ್ ಕುತ್ತಿಗೆಗೆ ಇರಲೇಬೇಕು. ಅಯ್ಯೋ ಪಾಪ ಎಂದು ರಾತ್ರಿ ಬಿಚ್ಚಿಡುವವರೇ ಹೆಚ್ಚು. ನೆಕ್ಕಾಟ ನಡೆಯುವುದು ರಾತ್ರಿಯೇ. ಹೊಲಿಗೆಯ ಸುತ್ತ ನೀಲಿಗಟ್ಟುವುದು ಸಹಜ. ಕೀವು, ದುರ್ವಾಸನೆ, ಬಿಸಿಯಾದ ಊತ ಕಂಡರೆ ಸಹಜವಲ್ಲ.

★ ಕಕ್ಕಸಿನ ಟ್ರೇಗೆ ಮೊದಲ ಎರಡು ವಾರ ಮರಳಿನ ಬದಲು ಹರಿದ ಕಾಗದ ಹಾಕಿ. ಲಿಟರ್ ಕಾಳು ಹಸಿಗಾಯಕ್ಕೆ ಮೆತ್ತಿಕೊಳ್ಳುತ್ತದೆ. ಟ್ರೇಯ ಒಂದು ಬದಿ ತಗ್ಗಾಗಿರಲಿ, ಹಾರಿ ದಾಟುವಂತಿರಬಾರದು.

★ ಆಸ್ಪತ್ರೆಯಿಂದ ಬಂದ ಒಡಹುಟ್ಟನ್ನೇ ಮನೆಯ ಇನ್ನೊಂದು ಬೆಕ್ಕು ಬುಸುಗುಟ್ಟಿ ಓಡಿಸಬಹುದು. ಕಾಲು ಹೋದದ್ದಕ್ಕಲ್ಲ, ವಾಸನೆ ಬದಲಾದದ್ದಕ್ಕೆ. ಒಂದೇ ಬಟ್ಟೆಯಿಂದ ಎರಡರ ಕೆನ್ನೆಯನ್ನೂ ಸವರಿ, ಬೇರೆ ಕೋಣೆಯಲ್ಲಿಟ್ಟು, ನಿಧಾನಕ್ಕೆ ಕೂಡಿಸಿ.

★ ನಮ್ಮ ಮನೆಗಳ ವಿಟ್ರಿಫೈಡ್ ಟೈಲ್ಸು, ಗ್ರಾನೈಟು ಮೂರು ಕಾಲಿನ ಬೆಕ್ಕಿಗೆ ಮಂಜುಗಡ್ಡೆಯಂತೆ. ಊಟದ ತಟ್ಟೆಯಿಂದ ಟ್ರೇವರೆಗೆ, ಟ್ರೇಯಿಂದ ಮಲಗುವ ಜಾಗದವರೆಗೆ ಗೋಣಿತಾಟು, ಹಳೆಯ ಯೋಗ ಮ್ಯಾಟು, ಚಾಪೆ ಹಾಸಿ ದಾರಿ ಮಾಡಿಕೊಡಿ. ಖರ್ಚಿಲ್ಲದ ಈ ಒಂದು ಕೆಲಸದಿಂದ ಬೆಕ್ಕಿನ ಧೈರ್ಯ ಮರುದಿನವೇ ಹೆಚ್ಚುವುದನ್ನು ಕಾಣಬಹುದು.

★ ಮೇಲಕ್ಕೆ ನೆಗೆಯಲು ಬಲ ಕೊಡುವುದು ಹಿಂಗಾಲು, ಇಳಿದಾಗ ಪೆಟ್ಟು ತಾಳುವುದು ಮುಂಗಾಲು. ಹಾಗಾಗಿ ಹಿಂಗಾಲಿಲ್ಲದ ಬೆಕ್ಕಿಗೆ ಹತ್ತುವುದು ಕಷ್ಟ, ಮುಂಗಾಲಿಲ್ಲದ್ದಕ್ಕೆ ಇಳಿಯುವುದು ಕಷ್ಟ. ಸೋಫಾದ ಪಕ್ಕ ಒಂದು ಮಣೆ, ಕಿಟಕಿಯ ಕೆಳಗೆ ಒಂದು ಸ್ಟೂಲು. ಎರಡಕ್ಕೂ ಉಪಕಾರ.

★ ನ್ಯೂಯಾರ್ಕಿನಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳನ್ನು 1987ರಲ್ಲಿ ಪ್ರಕಟವಾದ ಅಧ್ಯಯನವೊಂದು ಪರಿಶೀಲಿಸಿತ್ತು; ಚಿಕಿತ್ಸೆ ಪಡೆದವುಗಳಲ್ಲಿ ಸುಮಾರು ಶೇ. 90 ಬದುಕಿದವು. ಇದನ್ನು ನಂಬಿ ಬಾಲ್ಕನಿ ತೆರೆದಿಡಬೇಡಿ. ಬದುಕಿದವು ಎಂದರೆ ಮೂಳೆ ಮುರಿಯಲಿಲ್ಲ ಎಂದಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಪಾರಿವಾಳಕ್ಕೆಂದು ಕಟ್ಟಿಸುವ ಬಲೆಯೇ ಬೆಕ್ಕನ್ನೂ ಕಾಯುತ್ತದೆ, ಬಿಗಿಯಾಗಿ ಕಟ್ಟಿಸಿದ್ದರೆ.

★ ಬಲ ಹಿಂಗಾಲು ಹೋದ ಬೆಕ್ಕಿಗೆ ಬಲಗಿವಿ ಕೆರೆದುಕೊಳ್ಳಲಾಗದು. ತುರಿಕೆಯೆದ್ದಾಗ ಉಳಿದ ತೊಡೆಯ ಬುಡ ಗಾಳಿಯಲ್ಲೇ ಆಡುವುದನ್ನು ನೋಡಿರುತ್ತೀರಿ. ಆ ಕಿವಿಯನ್ನು ನೀವೇ ಕೆರೆಯಿರಿ, ವಾರಕ್ಕೊಮ್ಮೆ ಒಳಗೆ ಕಪ್ಪು ಕಸ ಕೂತಿದೆಯೇ ನೋಡಿ. ಮುಂಗಾಲು ಹೋಗಿದ್ದರೆ ಆ ಕಡೆಯ ಕೆನ್ನೆ, ಕಣ್ಣಂಚು ಒರೆಸುವ ಕೆಲಸವೂ ನಿಮ್ಮದೇ.

★ ಸಯಾಮೀಸ್ ಬೆಕ್ಕಿನ ಬೋಳಿಸಿದ ಜಾಗದಲ್ಲಿ ಹೊಸ ಕೂದಲು ಕಪ್ಪಾಗಿ ಬರಬಹುದು. ಅವುಗಳ ಬಣ್ಣ ತಯಾರಿಸುವ ಕಿಣ್ವ ತಂಪಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಬೋಳಾದ ಚರ್ಮ ತಂಪಾಗಿರುತ್ತದೆ.

★ ಕೃತಕ ಕಾಲು ಹಾಕಿಸಿದರೆ ಹೇಗೆ? ಒಂದು ಕಾಲು ಹೋದ ಬೆಕ್ಕಿಗೆ ಸಾಮಾನ್ಯವಾಗಿ ಅದರ ಅಗತ್ಯವೇ ಬೀಳುವುದಿಲ್ಲ. ಜೆರ್ಸಿ ದ್ವೀಪದ ಆಸ್ಕರ್ ಎಂಬ ಬೆಕ್ಕು 2009ರಲ್ಲಿ ಕಟಾವು ಯಂತ್ರಕ್ಕೆ ಸಿಕ್ಕಿ ಎರಡೂ ಹಿಂಪಾದ ಕಳೆದುಕೊಂಡಿತ್ತು. ಇಂಗ್ಲೆಂಡಿನ ಪಶುವೈದ್ಯ ನೋಯಲ್ ಫಿಟ್ಸ್‌ಪ್ಯಾಟ್ರಿಕ್ ಮೂಳೆಯೊಳಕ್ಕೇ ಲೋಹದ ಗೂಟ ಕೂರಿಸಿ ಕೃತಕ ಪಾದ ಜೋಡಿಸಿದರು. ರಷ್ಯಾದಲ್ಲಿ ಹಿಮಕ್ಕೆ ನಾಲ್ಕೂ ಪಾದ ಕೊಳೆತುಹೋದ ದೀಮ್ಕಾ ಎಂಬ ಬೆಕ್ಕಿಗೆ 2019ರಲ್ಲಿ ಟೈಟಾನಿಯಂ ಪಾದಗಳು ಬಂದವು.

★ ಉಗಾಂಡಾದ ಜೇಕಬ್ ಎಂಬ ಸಿಂಹ ಕಳ್ಳಬೇಟೆಗಾರರ ಬೋನಿಗೆ ಸಿಕ್ಕಿ ಕಾಲೊಂದನ್ನು ಕಳೆದುಕೊಂಡ. 2024ರ ಆರಂಭದಲ್ಲಿ ರಾತ್ರಿ, ಸೋದರ ಟಿಬುವಿನ ಜೊತೆ, ನೀರುಕುದುರೆಗಳೂ ಮೊಸಳೆಗಳೂ ತುಂಬಿದ ಕಝಿಂಗಾ ಕಾಲುವೆಯಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಈಜಿ ದಡ ಸೇರಿದ್ದನ್ನು ಸಂಶೋಧಕರು ಡ್ರೋನ್ ಕ್ಯಾಮೆರಾದಲ್ಲಿ ಹಿಡಿದಿದ್ದಾರೆ. ಕಾಲು ತೆಗೆಸಲು ಹಿಂದೆಮುಂದೆ ನೋಡುತ್ತಿರುವವರಿಗೆ ನಾನು ಮೊದಲು ತೋರಿಸಬಯಸುವುದು ಈ ದೃಶ್ಯವನ್ನು.

★ ಬ್ರಿಟನ್ನಿನಲ್ಲಿ ಕಾಲು ತೆಗೆಸಿದ ಬೆಕ್ಕುಗಳ ಮಾಲೀಕರನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬೆಕ್ಕು ಎಂದಿನಂತೆ ಬಾಳುತ್ತಿದೆ ಎಂದರು. ಮತ್ತೆ ಅಂಥದೇ ಸಂದರ್ಭ ಬಂದರೆ ಇದೇ ತೀರ್ಮಾನ ಮಾಡುತ್ತೇವೆ ಎಂದವರು ಅದಕ್ಕಿಂತಲೂ ಹೆಚ್ಚು.

★ ಹನ್ನೆರಡು ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್‌ರೇ ನೋಡಿದ 2002ರ ಅಧ್ಯಯನದಲ್ಲಿ 90ಕ್ಕೆ ಕೀಲುಸವೆತ ಕಂಡಿತ್ತು. ಅವೆಲ್ಲ ನಾಲ್ಕು ಕಾಲಿನ ಮೇಲೆ ಓಡಾಡಿದ ಬೆಕ್ಕುಗಳೆಂದು ಇಟ್ಟುಕೊಂಡರೂ, ಮೂರರ ಮೇಲೆ ಭಾರ ಹೊರುವ ಕೀಲುಗಳ ಪಾಡು ಊಹಿಸಿಕೊಳ್ಳಿ. ಮೈ ತೆಳ್ಳಗಿರುವುದೇ ಅವಕ್ಕೆ ದೊಡ್ಡ ಮದ್ದು. ತಿಂಗಳಿಗೊಮ್ಮೆ ಬೆಕ್ಕನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು, ಕ್ಯಾಲೆಂಡರಿನಲ್ಲಿ ಬರೆದಿಡಿ. ನಾಲ್ಕು ಕಿಲೋ ಬೆಕ್ಕಿಗೆ ಅರ್ಧ ಕಿಲೋ ಹೆಚ್ಚಾದರೂ ತಟ್ಟೆಯ ಅಳತೆ ಕಡಿಮೆ ಮಾಡುವ ಹೊತ್ತಾಯಿತೆಂದು ತಿಳಿಯಿರಿ.