ಹೊರಡುವ ಮುನ್ನ ಪಾತ್ರೆ ಲೆಕ್ಕ

ಒಂದು ಶಾಲೆಯಲ್ಲಿ ಸಾವಿರ ವಿದ್ಯಾರ್ಥಿಗಳಿದ್ದಾರೆ ಎನ್ನಿ. ಪ್ರತಿಯೊಬ್ಬರ ವಿವರವನ್ನೂ ‘ಹೆಸರು’, ‘ತರಗತಿ’, ‘ಅಂಕ’ ಎಂಬ ಮೂರು ತಲೆಬರಹಗಳಡಿ ಇಡಬೇಕು. ಈ ಮೂರು ಪದಗಳನ್ನು ಕಂಪ್ಯೂಟರ್ ಸಾವಿರ ಸಲ ಬರೆದುಕೊಳ್ಳಬೇಕೆ? ಲ್ಯಾರಿ ವಾಲ್ 1987ರಲ್ಲಿ ಹೊರತಂದ, ಈಗಲೂ ಬಳಕೆಯಲ್ಲಿರುವ ‘ಪರ್ಲ್’ ಭಾಷೆಗೆ ಆ ಅಗತ್ಯವಿಲ್ಲ. ಪ್ರತಿ ಪದವನ್ನೂ ಒಂದೇ ಸಲ ಒಂದು ಕೋಷ್ಟಕದಲ್ಲಿಟ್ಟು, ಅದು ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಎಣಿಕೆಯನ್ನೂ ಅದು ಜೊತೆಗೇ ಇಟ್ಟುಕೊಳ್ಳುತ್ತದೆ. ಒಬ್ಬ ವಿದ್ಯಾರ್ಥಿಯ ದಾಖಲೆ ಅಳಿಸಿದರೆ ಎಣಿಕೆಯಲ್ಲಿ ಒಂದು ಕಡಿಮೆ. ಎಣಿಕೆ ಸೊನ್ನೆಗಿಳಿದರೆ ಆ ಪದದ ಜಾಗವೂ ತೆರವು.

ಸರಿ, ಪ್ರೋಗ್ರಾಂ ಮುಗಿದಾಗ ಈ ಕೋಷ್ಟಕದ ಗತಿ? ಸಾಮಾನ್ಯವಾಗಿ ಪರ್ಲ್ ಅದರ ಗೋಜಿಗೇ ಹೋಗುವುದಿಲ್ಲ. ಪ್ರೋಗ್ರಾಂ ಬಳಸಿದ್ದ ಮೆಮೊರಿಯನ್ನೆಲ್ಲ ಆಪರೇಟಿಂಗ್ ಸಿಸ್ಟಂ ಒಟ್ಟಾಗಿ ವಾಪಸು ಪಡೆಯುತ್ತದೆ. ಕೆಡವಲಿರುವ ಮನೆಯ ಕಸ ಗುಡಿಸುವವರುಂಟೆ? ಇದು ಸೋಮಾರಿತನವಲ್ಲ, ಜಾಣತನ.

ತೊಡಕಿರುವುದು ಪರ್ಲ್ ಇನ್ನೊಂದು ಪ್ರೋಗ್ರಾಮಿನೊಳಗೆ ಬಾಡಿಗೆಗಿದ್ದಾಗ. ‘ಮಾಡ್ ಪರ್ಲ್’ ಮೂಲಕ ಅದು ಅಪಾಚೆ ವೆಬ್ ಸರ್ವರಿನೊಳಗೆ ಕೂರುವುದುಂಟು. ಇಂಥ ಕಡೆ ಪರ್ಲ್ ಹೊರಟರೂ ಮನೆ ನಿಂತೇ ಇರಬಹುದು. ಮದುವೆ ಛತ್ರದಲ್ಲಿ ನಾಳೆ ಇನ್ನೊಬ್ಬರ ಮದುವೆಯಿದ್ದರೆ ಪಾತ್ರೆ ಎಣಿಸಿ ಒಪ್ಪಿಸಿಯೇ ಹೊರಡಬೇಕಲ್ಲವೆ? ಪ್ರತಿ ಸಲವೂ ಒಂದಿಷ್ಟು ಜಾಗ ಬಿಟ್ಟುಹೋದರೆ ಕೊನೆಗೊಂದು ದಿನ ಮೆಮೊರಿ ಸಾಲದೆ ಇಡೀ ಪ್ರೋಗ್ರಾಂ ಕುಸಿಯಬಹುದು. ಹಾಗಾಗಿ ‘ಡಿಸ್ಟ್ರಕ್ಟ್ ಲೆವೆಲ್’ ಎಂಬ ಸೂಚಕವನ್ನು 1ಕ್ಕೆ ಏರಿಸಿ ಪೂರ್ತಿ ಶುಚಿ ಮಾಡಿಸಬೇಕು.

ಶುಚಿ ಮಾಡುವುದಕ್ಕೂ ಒಂದು ಕ್ರಮವಿದೆ. ಮೊದಲು ದಾಖಲೆಗಳು, ಕಟ್ಟಕಡೆಗೆ ಕೋಷ್ಟಕ. ತಿರುವುಮುರುವಾದರೆ ಉಳಿದ ದಾಖಲೆಗಳು ಇಲ್ಲದ ಪದದತ್ತ ಬೆರಳು ತೋರುತ್ತವೆ. ಕೋಷ್ಟಕದ ಸರದಿ ಬರುವ ಹೊತ್ತಿಗೆ ಅದು ಬರಿದಾಗಿರಬೇಕು. ಉಳಿದಿದ್ದರೆ, ಉಳಿದ ಪದವನ್ನೂ ಹೆಸರಿಸಿ ‘ಅನ್‌ಬ್ಯಾಲೆನ್ಸ್ಡ್ ಸ್ಟ್ರಿಂಗ್ ಟೇಬಲ್ ರೆಫ್‌ಕೌಂಟ್’ ಎಂಬ ಎಚ್ಚರಿಕೆ ಬರುತ್ತದೆ. ಎಲ್ಲೋ ಎಣಿಕೆ ಏರಿಸಿದವರು ಇಳಿಸಲು ಮರೆತಿದ್ದಾರೆ ಎಂದರ್ಥ. ಸಿ ಭಾಷೆಯಲ್ಲಿ ಬರೆದು ಪರ್ಲ್‌ಗೆ ಜೋಡಿಸಿದ ಭಾಗಗಳಲ್ಲಿ ಎಣಿಕೆಯ ಹೊಣೆ ಬರೆದವರದೇ. ಹುಡುಕಾಟ ಅಲ್ಲಿಂದ ಆರಂಭಿಸುವುದು ಒಳ್ಳೆಯದು.

ಅಗತ್ಯಕ್ಕಿಂತ ಹೆಚ್ಚು ಸಲ ಇಳಿಸಿದರೂ ಕಷ್ಟವೇ. ಆಗ ಕೋಷ್ಟಕದಲ್ಲಿ ಇಲ್ಲದ ಪದವನ್ನು ಬಿಡುಗಡೆ ಮಾಡಲು ಹೊರಟಿದ್ದೀರಿ ಎಂದು ಪರ್ಲ್ ದೂರುತ್ತದೆ. ಎರಡರಲ್ಲಿ ಇದೇ ಹೆಚ್ಚು ಅಪಾಯದ್ದು. ಮರೆತರೆ ಜಾಗವಷ್ಟೇ ದಂಡ. ಇಲ್ಲಿ ಇನ್ನೂ ಬಳಕೆಯಲ್ಲಿರುವ ಪದವೇ ಮಾಯವಾಗಿರಬಹುದು.

ಮನೆಯಲ್ಲಿ ಕೂತು ಓಡಿಸಿದ ಪ್ರೋಗ್ರಾಂ ಅಂಕಪಟ್ಟಿಯನ್ನು ಸರಿಯಾಗಿಯೇ ಮುದ್ರಿಸುತ್ತದೆ. ಸಾಮಾನ್ಯ ಓಟದಲ್ಲಿ ಕೋಷ್ಟಕದ ಕೊನೆಯ ತಪಾಸಣೆಯೇ ನಡೆಯದ ಕಾರಣ, ಇಳಿಸಲು ಮರೆತ ಎಣಿಕೆ ಕಣ್ಣಿಗೆ ಬೀಳುವುದು ಅದೇ ಪ್ರೋಗ್ರಾಂ ಇನ್ನೊಂದರೊಳಗೆ ಹೊಕ್ಕ ಮೇಲೆಯೇ.