ಕುತ್ತಿಗೆಯ ಬೆನ್ನುಮೂಳೆಯ ಅಭಿಘಾತ: ದಾಖಲೆ ಮತ್ತು ಸಂಕೇತ

ಕ್ರಿ.ಪೂ. ಸುಮಾರು 1600ರ ಕಾಲಕ್ಕೆ ಸೇರಿದ ಎಡ್ವಿನ್ ಸ್ಮಿತ್ ಪಪೈರಸ್ ಎಂಬ ಈಜಿಪ್ಟಿನ ವೈದ್ಯಗ್ರಂಥದಲ್ಲಿ 48 ಪ್ರಕರಣಗಳ ವಿವರಗಳಿವೆ. ಜೇಮ್ಸ್ ಹೆನ್ರಿ ಬ್ರೆಸ್ಟೆಡ್ ಅವರು 1930ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಇದರ 31ನೆಯ ಪ್ರಕರಣ ಕುತ್ತಿಗೆಯ ಕಶೇರುಮಣಿ ಸ್ಥಾನ ತಪ್ಪಿದವನದು. ಅವನಿಗೆ ಕೈಕಾಲುಗಳ ಅರಿವಿಲ್ಲ, ಮೂತ್ರ ತಾನಾಗಿಯೇ ತೊಟ್ಟಿಕ್ಕುತ್ತದೆ ಎಂದು ದಾಖಲಾಗಿದೆ. 33ನೆಯ ಪ್ರಕರಣದಲ್ಲಿ ಒಂದು ಮಣಿ ಮತ್ತೊಂದರೊಳಗೆ ಒತ್ತಿಕೊಂಡು ಹೊಕ್ಕಿದೆ. ತಲೆಕೆಳಗಾಗಿ ಬಿದ್ದುದೇ ಅದಕ್ಕೆ ಕಾರಣವೆಂದೂ ಅಲ್ಲಿ ಹೇಳಿದೆ. ಮೂಳೆಗೆ ಏನಾಯಿತು, ಅಂಗಗಳ ಚಲನೆ ಮತ್ತು ಸಂವೇದನೆ ಏನಾದವು, ಪೆಟ್ಟು ಹೇಗೆ ಬಿದ್ದಿತು ಎಂಬ ಮೂರು ಸಂಗತಿಗಳೂ ಅಲ್ಲಿ ಬೇರೆ ಬೇರೆಯಾಗಿಯೇ ನಿಂತಿವೆ. ಇಂದಿನ ಆಸ್ಪತ್ರೆಯ ದಾಖಲೆಯಿಂದ ನಾವು ನಿರೀಕ್ಷಿಸುವುದೂ ಇವೇ ಮೂರನ್ನು. ಇವು ಒಂದರೊಡನೊಂದು ಬೆರೆತುಹೋದಾಗ ಉಂಟಾಗುವ ತೊಡಕನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂತಾರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೆಯ ಪರಿಷ್ಕರಣಕ್ಕೆ 1990ರಲ್ಲಿ ಅಂಗೀಕಾರ ದೊರೆಯಿತು. ಇದರಲ್ಲಿ ಕುತ್ತಿಗೆಯ ಗಾಯಗಳಿಗೆ ಎಸ್10ರಿಂದ ಎಸ್19ರವರೆಗಿನ ಸಂಕೇತಗಳನ್ನು ಮೀಸಲಿಡಲಾಗಿದೆ. ಕಶೇರುಮಣಿಯ ಮುರಿತಕ್ಕೆ ಎಸ್12, ಕೀಲು ತಪ್ಪುವಿಕೆ ಹಾಗೂ ಉಳುಕಿಗೆ ಎಸ್13, ನರಗಳಿಗೂ ಬೆನ್ನುಹುರಿಗೂ ಆದ ಹಾನಿಗೆ ಎಸ್14. ಮೂಳೆ ಮತ್ತು ಹುರಿ ಎರಡೂ ಗಾಯಗೊಂಡಿದ್ದರೆ ಎರಡು ಸಂಕೇತಗಳು ಬೇಕು. ಇಷ್ಟರಮಟ್ಟಿಗೆ ವ್ಯವಸ್ಥೆ ಸರಳವಾಗಿಯೇ ಇದೆ.

ತೊಡಕು ಇರುವುದು ವೈದ್ಯರು ಅವಸರದಲ್ಲಿ ಬರೆಯುವ ‘ಸಿ5 ಗಾಯ’ ಎಂಬಂಥ ಎರಡೇ ಪದಗಳಲ್ಲಿ. ಕುತ್ತಿಗೆಯಲ್ಲಿ ಕಶೇರುಮಣಿಗಳು 7. ಅಲ್ಲಿಂದ ಹೊರಡುವ ನರಗಳ ಜೋಡಿಗಳಾದರೋ 8. ಮೊದಲ ಏಳು ಜೋಡಿಗಳು ತಮ್ಮ ಸಂಖ್ಯೆಯ ಮಣಿಯ ಮೇಲ್ಭಾಗದಿಂದ ಹೊರಬಿದ್ದರೆ, ಎಂಟನೆಯದು ಏಳನೆಯ ಮಣಿಯ ಕೆಳಗಿನಿಂದ ಹೊರಬೀಳುತ್ತದೆ. ಹೀಗಾಗಿ ‘ಸಿ5’ ಎಂಬುದು ಐದನೆಯ ಮಣಿಯ ಹೆಸರೂ ಹೌದು, ಬೆನ್ನುಹುರಿಯ ಐದನೆಯ ಖಂಡದ ಹೆಸರೂ ಹೌದು. ಐದನೆಯ ಮಣಿ ಮುರಿದವನಲ್ಲಿ ಹುರಿಯ ಹಾನಿ ಅದೇ ಮಟ್ಟದಲ್ಲಿರಬೇಕೆಂಬ ನಿಯಮವಿಲ್ಲ. ಅದು ಒಂದು ಖಂಡ ಮೇಲಕ್ಕೋ ಕೆಳಕ್ಕೋ ಇರಬಹುದು. ನರವೈಜ್ಞಾನಿಕ ಮಟ್ಟವೆಂದರೆ ಚಲನೆ ಮತ್ತು ಸಂವೇದನೆ ಎರಡೂ ಉಳಿದಿರುವ ಅತ್ಯಂತ ಕೆಳಗಿನ ಖಂಡ. ಐದನೆಯ ಖಂಡದವರೆಗೆ ಮಾತ್ರ ಶಕ್ತಿ ಉಳಿದವನು ಮೊಣಕೈಯನ್ನು ಮಡಚಬಲ್ಲ, ಆದರೆ ಮಣಿಕಟ್ಟನ್ನು ಮೇಲಕ್ಕೆತ್ತಲಾರ. ಏಳನೆಯದು ಉಳಿದವನು ಮೊಣಕೈಯನ್ನು ನೇರಗೊಳಿಸಬಲ್ಲ. ಅಂದರೆ ಕೈಯೂರಿ ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟಿಕೊಳ್ಳಲು ಕಲಿಯಬಲ್ಲ. ಪರಿಹಾರದ ಮೊತ್ತವನ್ನೂ ನೆರವಿಗೆ ಬೇಕಾದ ಜನರನ್ನೂ ನಿರ್ಧರಿಸುವಾಗ ಈ ಎರಡು ಖಂಡಗಳ ಅಂತರ ಅಲ್ಪವಾದುದಲ್ಲ.

ಅಮೆರಿಕವು 2015ರ ಅಕ್ಟೋಬರ್ 1ರಿಂದ ಬಳಸುತ್ತಿರುವ ವಿಸ್ತೃತ ಆವೃತ್ತಿಯಲ್ಲಿ ಈ ಅಂತರ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಎಸ್12.4 ಐದನೆಯ ಮಣಿಯ ಮುರಿತ, ಎಸ್14.115 ಹುರಿಯ ಐದನೆಯ ಮಟ್ಟದ ಪೂರ್ಣ ಹಾನಿ. ಹುರಿಗೆ ಹಾನಿಯಾಗಿದ್ದರೆ ಅದನ್ನೇ ಮೊದಲು ನಮೂದಿಸಬೇಕು, ಮುರಿತವನ್ನು ಅನಂತರ. ‘ಐದನೆಯ ಮಣಿಯ ಮುರಿತ, ಕೈಕಾಲುಗಳ ಪಾರ್ಶ್ವವಾಯು’ ಎಂದಷ್ಟೇ ಬರೆದ ಕಡತದಿಂದ ಎಸ್14.115 ಎಂಬ ಸಂಕೇತವನ್ನು ಪಡೆಯುವಂತಿಲ್ಲ. ಮಟ್ಟ ತಿಳಿಯದು ಎಂದು ಸೂಚಿಸುವ ಎಸ್14.109 ಮಾತ್ರ ಅದಕ್ಕೆ ಸಲ್ಲುತ್ತದೆ. ಮೌನಕ್ಕೂ ಅಲ್ಲಿ ನಿಯಮವಿದೆ: ಮುರಿತ ತೆರೆದದ್ದೋ ಮುಚ್ಚಿದ್ದೋ ಎಂದು ಹೇಳದಿದ್ದರೆ ಮುಚ್ಚಿದ್ದೆಂದೂ, ತುಣುಕು ಸರಿದಿದೆಯೋ ಇಲ್ಲವೋ ಎಂದು ಹೇಳದಿದ್ದರೆ ಸರಿದಿದೆಯೆಂದೂ ಭಾವಿಸತಕ್ಕದ್ದು. ವೈದ್ಯರು ಬರೆಯದೆ ಬಿಟ್ಟದ್ದೂ ಹೀಗೆ ಒಂದು ಹೇಳಿಕೆಯಾಗಿ ಪರಿಣಮಿಸುತ್ತದೆ. ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಕಡತಗಳಿಗೆ ಸಂಕೇತ ನೀಡುವ ನಮ್ಮ ತರುಣ ತರುಣಿಯರಿಗೆ ಈ ನಿಯಮಗಳು ಕಂಠಪಾಠ. ಸಂಶಯ ಬಂದಲ್ಲಿ ಅವರು ತಾವೇ ರೋಗನಿರ್ಣಯ ಮಾಡುವಂತಿಲ್ಲ. ವೈದ್ಯರಿಗೆ ಲಿಖಿತವಾಗಿ ಪ್ರಶ್ನೆ ಕಳುಹಿಸಬೇಕು. ಆದರೆ ದಾಖಲಾದ ದಿನ ರೋಗಿಯ ಮಣಿಕಟ್ಟು ಆಡುತ್ತಿತ್ತೇ ಎಂಬ ಪ್ರಶ್ನೆಗೆ ಒಂದು ತಿಂಗಳ ಅನಂತರ ನೆನಪಿನಿಂದ ಕೊಟ್ಟ ಉತ್ತರಕ್ಕೆ ಬೆಲೆ ಎಷ್ಟು?

ಮೂಳೆಯ ಚಿತ್ರವನ್ನೇ ನಂಬಿ ಬರೆಯುವ ರೂಢಿಗೆ ಇನ್ನೊಂದು ಅಪಾಯವೂ ಇದೆ. ಮಣಿಗಳ ಸವೆತವಿರುವ ವೃದ್ಧರು ಮುಗ್ಗರಿಸಿ ಗಲ್ಲ ತಗುಲುವಂತೆ ಬಿದ್ದರೆ, ಒಂದೂ ಮೂಳೆ ಮುರಿಯದೆ ಹುರಿಯ ನಡುಭಾಗ ಜಜ್ಜಿಹೋಗಬಹುದು. ಕಾಲುಗಳಿಗಿಂತ ಕೈಗಳೇ ಹೆಚ್ಚು ಬಲಗುಂದುವ ಈ ಲಕ್ಷಣಸಮೂಹವನ್ನು ಷ್ನೈಡರ್ ಮತ್ತು ಸಂಗಡಿಗರು 1954ರಲ್ಲಿ ವಿವರಿಸಿದರು. ಮಕ್ಕಳಲ್ಲಿ ಕ್ಷ-ಕಿರಣ ಚಿತ್ರ ಸಹಜವಾಗಿದ್ದರೂ ಹುರಿ ಗಾಯಗೊಂಡಿರಬಹುದೆಂಬುದನ್ನು ಪಾಂಗ್ ಮತ್ತು ವಿಲ್ಬರ್ಗರ್ 1982ರಲ್ಲಿ ತೋರಿಸಿಕೊಟ್ಟರು. ಇಂಥ ಕಡತದಲ್ಲಿ ‘ಮುರಿತವಿಲ್ಲ, ಕುತ್ತಿಗೆ ಉಳುಕು’ ಎಂದು ಬರೆದರೆ ಎಸ್13.4 ದೊರೆಯುತ್ತದೆ, ಎಸ್14 ಕಾಣೆಯಾಗುತ್ತದೆ.

ಹಾನಿ ಪೂರ್ಣವೋ ಅಪೂರ್ಣವೋ ಎಂಬುದರ ನಿರ್ಣಯಕ್ಕೆ 1969ರ ಫ್ರಾಂಕೆಲ್ ವರ್ಗೀಕರಣದಿಂದ ಬೆಳೆದುಬಂದ, ಎ ಇಂದ ಇ ವರೆಗಿನ ಐದು ದರ್ಜೆಗಳ ಅಮೆರಿಕನ್ ಮಾಪಕವು ಬಳಕೆಯಲ್ಲಿದೆ. ಎ ದರ್ಜೆ ನೀಡಬೇಕಾದರೆ ಹುರಿಯ ಕಟ್ಟಕಡೆಯ ಖಂಡಗಳಲ್ಲಿಯೂ ಸಂವೇದನೆ, ಚಲನೆ ಯಾವುದೂ ಉಳಿದಿಲ್ಲವೆಂದು ಖಚಿತವಾಗಬೇಕು. ಇದಕ್ಕೆ ಗುದದ್ವಾರದ ಪರೀಕ್ಷೆ ಅನಿವಾರ್ಯ. ಸಂಕೋಚದಿಂದಲೋ ಅವಸರದಿಂದಲೋ ಅದನ್ನು ಬಿಟ್ಟು ‘ಪೂರ್ಣ ಹಾನಿ’ ಎಂದು ಬರೆಯುವುದು ಪರೀಕ್ಷಿಸದೆ ಕೊಟ್ಟ ತೀರ್ಪು. ಪರೀಕ್ಷೆಯ ದಿನಾಂಕ ಮತ್ತು ವೇಳೆಯೂ ಅಷ್ಟೇ ಮುಖ್ಯ. ಬೆಳಿಗ್ಗೆ ಸಿ ದರ್ಜೆಯಲ್ಲಿದ್ದವನು ಸಂಜೆ ಎ ದರ್ಜೆಗೆ ಇಳಿದಿದ್ದರೆ ಏನೋ ಕೆಟ್ಟಿದೆ ಎಂದರ್ಥ. ವೇಳೆ ನಮೂದಾಗದ ಎರಡು ಟಿಪ್ಪಣಿಗಳು ಆ ಇಳಿಕೆಯನ್ನು ತೋರಿಸಲಾರವು.

ಮೂರನೆಯದು ಬಾಹ್ಯ ಕಾರಣ. ಮಲೆನಾಡು ಮತ್ತು ಕರಾವಳಿಯ ಅಡಿಕೆ, ತೆಂಗಿನ ತೋಟಗಳನ್ನು ಬಲ್ಲವರಿಗೆ ಇದರ ಮಹತ್ವವನ್ನು ವಿವರಿಸಬೇಕಿಲ್ಲ. ಹತ್ತನೆಯ ಪರಿಷ್ಕರಣದಲ್ಲಿ ಮರದಿಂದ ಬಿದ್ದುದಕ್ಕೆ ಡಬ್ಲ್ಯು14 ಎಂಬ ಪ್ರತ್ಯೇಕ ಸಂಕೇತವೇ ಇದೆ. ಬಿದ್ದ ಸ್ಥಳ ತೋಟ, ಹೊಲವಾಗಿದ್ದರೆ ಅದು ಡಬ್ಲ್ಯು14.7 ಆಗುತ್ತದೆ. ಕೊನೆ ಕೊಯ್ಯುವವನು ಬಿದ್ದಾಗ ಜತೆಗೆ ಬಂದವರು ಯಾವ ಮರ, ಎಷ್ಟು ಎತ್ತರ, ಮಳೆ ಬಂದು ಕಾಂಡ ಜಾರುತ್ತಿತ್ತೇ ಎಂಬುದನ್ನೆಲ್ಲ ತುರ್ತು ವಿಭಾಗದಲ್ಲಿ ಹೇಳಿರುತ್ತಾರೆ. ಅದು ಮೆಡಿಕೋ ಲೀಗಲ್ ವಹಿಯಲ್ಲಿ ಬರಹಕ್ಕಿಳಿದಿರುವುದೂ ಉಂಟು. ಸಂಕೇತಕಾರನ ಮೇಜಿಗೆ ಬರುವುದಾದರೋ ವಾರಗಳ ಅನಂತರ ಸಿದ್ಧವಾದ ಬಿಡುಗಡೆ ಪತ್ರ. ಅದರಲ್ಲಿ ‘ಬಿದ್ದ ಇತಿಹಾಸವಿದೆ’ ಎಂಬ ಒಂದೇ ವಾಕ್ಯವಿದ್ದರೆ ಅವನು ಡಬ್ಲ್ಯು19.9, ಅಂದರೆ ಬಗೆಯೂ ಸ್ಥಳವೂ ತಿಳಿಯದ ಬೀಳುವಿಕೆ ಎಂದು ಬರೆಯುತ್ತಾನೆ. ಜಿಲ್ಲೆಯ ಅಂಕಿ ಅಂಶಗಳಲ್ಲಿ ಆ ಕೊನೆಗಾರ ಬಚ್ಚಲಲ್ಲಿ ಜಾರಿಬಿದ್ದವರ ಸಾಲಿಗೆ ಸೇರುತ್ತಾನೆ. ಅವನು ಬಿದ್ದದ್ದು ಅಡಿಕೆ ಮರದಿಂದ ಎಂಬ ಮಾತು ಅದೇ ಕಡತದ ಮೊದಲ ಪುಟದಲ್ಲಿ ಉಳಿದಿರುತ್ತದೆ.