ರೋಮ್‌ನಲ್ಲಿ ಒಂದು ಹಗಲು: ನಾಲ್ವರಿಗೆ 17 ಸಾವಿರವೋ, 50 ಸಾವಿರವೋ?

ಮೆಡಿಟರೇನಿಯನ್ ಕ್ರೂಸ್‌ನ ವೇಳಾಪಟ್ಟಿಯಲ್ಲಿ ‘ರೋಮ್’ ಎಂದು ಬರೆದಿರುವ ದಿನ ಹಡಗು ನಿಲ್ಲುವುದು ಚಿವಿತವೆಕ್ಕಿಯಾ ಬಂದರಿನಲ್ಲಿ. ಅಲ್ಲಿಂದ ರೋಮ್‌ಗೆ ಸುಮಾರು 75 ಕಿ.ಮೀ. ಆ ದಾರಿಯನ್ನು ಹೇಗೆ ಕ್ರಮಿಸುತ್ತೀರಿ ಎಂಬುದರ ಮೇಲೆ ದಿನದ ಖರ್ಚು ಮೂರು ಪಟ್ಟು ಹೆಚ್ಚುಕಡಿಮೆಯಾಗುತ್ತದೆ.

ಮೊದಲು ಸ್ವಂತ ವ್ಯವಸ್ಥೆಯ ಲೆಕ್ಕ, 2024ರ ದರಗಳಲ್ಲಿ. ಪ್ರಾದೇಶಿಕ ರೈಲಿಗೆ ಒಂದು ಕಡೆಗೆ 4.60 ಯೂರೋ, ಹೋಗಿಬರಲು 9.20. ಬಂದರಿನಿಂದ ನಿಲ್ದಾಣಕ್ಕೆ ಬಸ್ಸು ಎಂದು ಧಾರಾಳವಾಗಿ 12 ಇಡೋಣ. ಮೆಟ್ರೋ ಟಿಕೆಟ್ 1.50ರಂತೆ ಎರಡಕ್ಕೆ 3. ಕೊಲೋಸಿಯಂ 18. ಪ್ಯಾಂಥಿಯನ್ 5, ಅಲ್ಲಿ 2023ರ ಜುಲೈವರೆಗೆ ಪ್ರವೇಶ ಉಚಿತವಿತ್ತು. ತಲೆಗೆ 47.20 ಯೂರೋ. ಯೂರೋಗೆ 90 ರೂಪಾಯಿ ಹಿಡಿದರೆ ನಾಲ್ವರಿಗೆ 16,992 ರೂಪಾಯಿ, ಊಟ ಬಿಟ್ಟು.

ಹಡಗಿನವರೇ ನಡೆಸುವ ರೋಮ್ ಪ್ರವಾಸಕ್ಕೆ ತಲೆಗೆ 100ರಿಂದ 200 ಡಾಲರ್ ಆಗುವುದು ಸಾಮಾನ್ಯ. 150 ಎಂದುಕೊಂಡು, ಡಾಲರಿಗೆ 84 ರೂಪಾಯಿಯಂತೆ ಲೆಕ್ಕ ಹಾಕಿದರೆ ನಾಲ್ವರಿಗೆ 50,400. ವ್ಯತ್ಯಾಸ 33,408 ರೂಪಾಯಿ.

ಮೂರನೆಯ ದಾರಿ ಖಾಸಗಿ ವ್ಯಾನು. ಎಂಟು ಸೀಟಿನ ವ್ಯಾನಿಗೆ ದಿನಕ್ಕೆ 700 ಯೂರೋ ಕೇಳಿದರೆನ್ನಿ. ನಾಲ್ವರೇ ಹೋದರೆ ಪ್ರವೇಶ ಶುಲ್ಕವೂ ಸೇರಿ ತಲೆಗೆ 17,820. ಹಡಗಿನ ದರಕ್ಕಿಂತ ದುಬಾರಿ. ಆರು ಜನರಾದರೆ ಎರಡೂ ಸಮಸಮ. ಎಂಟು ಸೀಟೂ ತುಂಬಿದರೆ 9,945ಕ್ಕೆ ಇಳಿಯುತ್ತದೆ. ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಒಟ್ಟಿಗೆ ಹೊರಟ ಮನೆಗೆ ನನ್ನ ಆಯ್ಕೆ ಇದೇ.

ಹಾಗಾದರೆ ಹಡಗಿನವರು ಪಡೆಯುವ ಹೆಚ್ಚುವರಿ ಹಣ ಯಾತಕ್ಕೆ? ಬಹುಪಾಲು ಸಮಯದ ಖಾತರಿಗೆ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಬೆಳಿಗ್ಗೆ 7ಕ್ಕೆ ಬಂದು ಸಂಜೆ 7ಕ್ಕೆ ಹೊರಡುವ ಹಡಗನ್ನೇ ತೆಗೆದುಕೊಳ್ಳಿ. ಇಳಿದು ರೈಲು ಹಿಡಿಯುವಾಗ 9 ಗಂಟೆ, ರೋಮ್‌ನ ಟೆರ್ಮಿನಿ ನಿಲ್ದಾಣ ತಲುಪುವಾಗ 10.20. ಸಂಜೆ 6ಕ್ಕೆ ಹಡಗು ಹತ್ತಿರಬೇಕು. ಒಂದು ರೈಲು ತಪ್ಪಿದರೂ ಇನ್ನೊಂದು ಸಿಗುವಂತೆ 4 ಗಂಟೆಗೇ ರೋಮ್‌ನ ಸಾನ್ ಪಿಯೆತ್ರೋ ನಿಲ್ದಾಣಕ್ಕೆ ಬರಬೇಕು. 12 ಗಂಟೆಯಲ್ಲಿ ರೋಮ್‌ಗೆ ಸಿಕ್ಕಿದ್ದು 5 ಗಂಟೆ 40 ನಿಮಿಷ. ವ್ಯಾಟಿಕನ್ ಮ್ಯೂಸಿಯಂ ಮತ್ತು ಕೊಲೋಸಿಯಂ ಎರಡನ್ನೂ ಇಷ್ಟರಲ್ಲಿ ತುರುಕಬೇಡಿ. ಒಂದನ್ನು ಬಿಡಿ.

ಇಟಲಿಯಲ್ಲಿ ರೈಲು ಮುಷ್ಕರ ಅಪರೂಪವಲ್ಲ. ವಾರದ ಕೆಲಸದ ದಿನ ಮುಷ್ಕರವಾದರೆ ಪ್ರಾದೇಶಿಕ ರೈಲುಗಳ ಕನಿಷ್ಠ ಸೇವೆ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಮಾತ್ರ ಖಚಿತ. ಕ್ರೂಸ್ ಪ್ರಯಾಣಿಕರಿಗೆ ಬೇಕಾದ ಅವಧಿ ನಡುವಿನದು. ಮುಷ್ಕರಗಳನ್ನು ಮುಂಚಿತವಾಗಿ ಘೋಷಿಸುವುದರಿಂದ ಹಡಗು ಹತ್ತುವ ಮುನ್ನ ದಿನಾಂಕ ನೋಡಿಕೊಳ್ಳಿ. ಅಂದು ಮುಷ್ಕರವಿದ್ದರೆ ಹಡಗಿನ ಪ್ರವಾಸಕ್ಕೆ ಹಣ ಕೊಡುವುದೇ ಸರಿ.

ಹವಾಮಾನ ಕೆಟ್ಟು ಹಡಗು ಬಂದರಿಗೇ ಬಾರದಿದ್ದರೆ ಅವರ ಪ್ರವಾಸದ ಹಣ ವಾಪಸಾಗುತ್ತದೆ. ನೀವೇ ಕೊಂಡ ಕೊಲೋಸಿಯಂ, ಪ್ಯಾಂಥಿಯನ್ ಟಿಕೆಟ್‌ಗಳಿದ್ದರೆ ನಾಲ್ವರ 92 ಯೂರೋ, ಅಂದರೆ 8,280 ರೂಪಾಯಿ, ಹೋದಂತೆಯೇ ಎಂದು ತಿಳಿದಿರಿ.

ಹಡಗು ತಪ್ಪಿದರೆ ಆಗುವ ನಷ್ಟ ಮುಂದಿನ ಬಂದರನ್ನು ಅವಲಂಬಿಸಿದೆ. ಅದು ನೇಪಲ್ಸ್ ಆಗಿದ್ದರೆ ರೋಮ್‌ನಿಂದ ವೇಗದ ರೈಲಿನಲ್ಲಿ ಸುಮಾರು 70 ನಿಮಿಷ. ಟರ್ಕಿಯ ಕುಶಾದಾಸಿಯಾದರೆ ವಿಮಾನವೂ ಬೇಕು, ಅಲ್ಲಿನ ವೀಸಾವೂ ಬೇಕು. ಅಲ್ಲಿಂದ ಗ್ರೀಸ್‌ಗೋ ಇಟಲಿಗೋ ಮರಳುವ ಯಾತ್ರೆಯಾದರೆ ಭಾರತೀಯ ಪಾಸ್‌ಪೋರ್ಟಿನವರ ಷೆಂಗೆನ್ ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶ ಕೊಡುವಂಥದ್ದಾಗಿರಬೇಕು. ಟಿಕೆಟ್ ಕೊಳ್ಳುವ ಮೊದಲು ವೀಸಾದ ಆ ಸಾಲನ್ನು ಓದಿಕೊಳ್ಳಿ.